ಶರಣಪ್ಪ ಜಪಾನಿನಲ್ಲಿ ಉಂಡದ್ದು

ನನ್ನ ಮೈದುನ ಶರಣಪ್ಪ ಜಪಾನಿನಿಂದ ತಿರುಗಿ ಬಂದಮೇಲೆ ಎಲ್ಲರಂತೆ ಕೂತು ಉಣ್ಣುವುದನ್ನೇ ಮರೆತಿದ್ದ. ಎರಡೂ ಮಂಡಿ ಮಡಚಿ, ಹಿಮ್ಮಡಿಯ ಮೇಲೆ ಕೂತು, ತಾಟಿಗೆ ಕೈಮುಗಿದು ಏನೋ ಗೊಣಗಿ ಆಮೇಲೆ ರೊಟ್ಟಿ ಮುರಿಯುತ್ತಿದ್ದ. ನೋಡಿದವರಿಗೆ ಈಗ ಎದ್ದು ಓಡುತ್ತಾನೇನೋ ಅನಿಸುತ್ತಿತ್ತು. ಓಡುತ್ತಲೂ ಇದ್ದ. ಮಸ್ಕಿಯ ನಮ್ಮ ಮನೆಯಲ್ಲಿ ಅವನು ಒಂದು ಕಡೆ ನಿಂತದ್ದನ್ನು ನಾ ಕಾಣೆ. ಕಟ್ಟೆಗೆ ಹೋಗುವ, ಹಿತ್ತಲಿಗೆ ಬರುವ, ಕಾಲುವೆ ಎಲ್ಲಿತನಕ ಬಂತೆಂದು ನೋಡಲು ಸಿಂಧನೂರಿನ ಕಡೆ ಸೈಕಲ್ ಹತ್ತುವ. ಅಡುಗೆಮನೆಯ ಬಾಗಿಲಲ್ಲಿ ಅವನ ನೆರಳು ಹಾಯ್ದು ಹಾಯ್ದು ನನಗೆ ತಲೆ ಸುತ್ತು.

"ಒಂದು ಕಡಿ ಕುಂಡ್ರೋ ಮಾರಾಯಾ."

"ಕುಂತ್ರ ನೆನಪಾಗತೈತಿ ವೈನಿ," ಅನ್ನುತ್ತಿದ್ದ.

ಕಾಲುವೆಗೆ ನೀರು ಬಂದರೆ ನಮ್ಮ ಜೋಳದ ಹೊಲಗಳಲ್ಲಿ ಭತ್ತ ಬೆಳೆಯಬೇಕು, ಅದನ್ನು ಕಲಿತು ಬರಲಿ ಎಂದು ಸರ್ಕಾರ ಓದಿದ ಹುಡುಗರನ್ನು ಆರಿಸಿ ಅಲ್ಲಿಗೆ ಕಳಿಸಿತ್ತು. ಶರಣಪ್ಪ ಒಂದು ಹಳ್ಳಿಯಲ್ಲಿ, ಗದ್ದೆ ಮಾಡುವ ವಿಧವೆಯೊಬ್ಬಳ ಮನೆಯಲ್ಲಿ ಇದ್ದ. ಆಕೆಯ ಮಾತು ತೆಗೆದರೆ ಮಾತ್ರ ಗಳಿಗೆ ಹೊತ್ತು ನಿಲ್ಲುತ್ತಿದ್ದ.

"ಬಟ್ಟಲ ಖಾಲಿ ಆಗೂದ ತಡ, ಮತ್ತ ಅನ್ನ ಹಾಕ್ತಿದ್ಳು. ನಾ ಕೈ ಅಡ್ಡ ಹಿಡದು, ನಮ್ಮ ರೂಢಿ ನೋಡ್ರಿ, 'ಸಾಕು, ಸಾಕು' ಅಂದೆ. ಆಕಿಗಿ 'ಸಾಕೆ' ಅಂತ ಕೇಳಿಸ್ತು. ಸಾಕೆ ಅಂದ್ರ ಅವರಲ್ಲಿ ಅಕ್ಕಿ ಶೆರೆ, ಹೆಂಡ. ಲಗೂನ ಎದ್ದು ಹೋಗಿ ಬಿಸಿ ಮಾಡಿ ತಂದಿಟ್ಟಳು."

ನಾನು ನಗು ತಡೆಯಲಾಗದೆ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡೆ.

ಒಂದು ಮಧ್ಯಾಹ್ನ ನಾನು ಪುಂಡಿಸೊಪ್ಪು ಸೋಸುತ್ತಿದ್ದೆ. ಅವನು ಬಂದ, ಹೋದ, ಮತ್ತೆ ಬಂದ.

"ವೈನಿ, ಅಲ್ಲಿ ಕಾಳಿನ ಸಾರು ಮಾಡ್ತಾರ. ಭಾಳ ರುಚಿ. ದಿನಾ ಎರಡೆರಡು ಬಟ್ಟಲ ಕುಡೀತಿದ್ದೆ. ಒಂದಿನ ನೋಡ್ತೀನಿ, ಆಕಿ ಕಟ್ಟಿಗಿ ತುಂಡು ಹೆರದು ಸಾರಿಗಿ ಹಾಕಾಕತ್ತಾಳ. ಬಡಿಗ್ಯಾರು ಹೆರೀತಾರಲ್ಲ, ಹಂಗ. ಯಾವುದೋ ಗಿಡದ ಚಕ್ಕಿ ಅನ್ಕೊಂಡೆ. ಕೇಳಿದ್ರ, ಒಣಗಿಸಿದ ಮೀನಂತ."

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ನಾವು ಲಿಂಗ ಕಟ್ಟಿದವರು. ಮೀನಿನ ವಾಸನೆ ಬಂದರೆ ನಮ್ಮ ಅತ್ತೆ ಬೇರೆ ದಾರಿ ಹಿಡಿಯುತ್ತಿದ್ದರು.

ಆ ದಿನ ಅವನು ಉಣ್ಣದೆ ಗದ್ದೆಯ ಬದುಗಳ ಮೇಲೆ ತಿರುಗಿದನಂತೆ. ಕಾರಣ ತಿಳಿದಾಗ ಆ ಹೆಂಗಸು ನೆಲಕ್ಕೆ ಹಣೆ ಹಚ್ಚಿ ತಪ್ಪಾಯಿತೆಂದಳಂತೆ. ಮರುದಿನದಿಂದ ಹೊಸ ಪಾತ್ರೆ, ಸಮುದ್ರದ ಸೊಪ್ಪಿನ ಸಾರು. ತಾನೂ ಅದನ್ನೇ ಉಂಡಳು.

"ನಿಮ್ಮ ಮೀನಿನ ಸಾರು ನೀವು ಬ್ಯಾರೆ ಉಣ್ರಿ ಅಂದೆ. ಬ್ಯಾರೆ ಕುಂತು ಒಬ್ಬನ ಉಂಡ್ರ ಮೈಗಿ ಹತ್ತಂಗಿಲ್ಲ ಅಂದ್ಳು ವೈನಿ. ಇದನ್ನ ಅವ್ವಗ ಹೇಳಬೇಕು."

"ಹುಚ್ಚು ಹಿಡದೈತೇನು? ಬಾಯಿ ಮುಚ್ಚಿಕೊಂಡಿರು."

"ಸುಳ್ಳು ಇಟ್ಕೊಂಡು ಅವ್ವನ ಕೈ ರೊಟ್ಟಿ ತಿನ್ನಾಕ ಆಗವಲ್ದು."

ಎಲ್ಲವನ್ನೂ ಹೇಳಿಯೇಬಿಟ್ಟ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ದಿನ ನನ್ನನ್ನೂ ಹತ್ತಿರ ಬಿಡದೆ ಮಗನ ರೊಟ್ಟಿಗೆ ತಾವೇ ಬೆಣ್ಣೆ ಸವರುತ್ತಿದ್ದವರು, ಅವನು ಕೂತ ಕೂಡಲೇ "ನೀನ ನೀಡವಾ" ಎಂದು ದೇವರಕೋಣೆ ಸೇರತೊಡಗಿದರು. ಅವನು ಎರಡು ತುತ್ತಿಗೇ ಏಳುತ್ತಿದ್ದ. ತಾಯಿ ಮತ್ತೆ ತನ್ನ ಕೈಯಾರೆ ನೀಡುತ್ತಾಳೋ ಇಲ್ಲವೋ, ಅವನಿಗೆ ಅದೊಂದೇ ಚಿಂತೆ. ನನಗೆ ಇಬ್ಬರ ಮೇಲೂ ಸಿಟ್ಟು. ಸ್ವಾಮಿಗಳನ್ನು ಕೇಳಿ ಏನಾದರೂ ಪ್ರಾಯಶ್ಚಿತ್ತ ಮಾಡಿಸಿ ಮುಗಿಸಿಬಿಡ್ರಿ ಎಂದರೆ ಅತ್ತೆ ದೇವರಕೋಣೆಯ ಕದ ಎಳೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ನಿಜಾಮಾಬಾದಿನ ಕಡೆ ಅವನಿಗೆ ನೌಕರಿಯಾಯಿತು. ಹೊರಟ ದಿನದ ಊಟವೇ ನಮ್ಮ ಮನೆಯಲ್ಲಿ ಅವನ ಕಡೆಯ ಊಟ. ಅಲ್ಲಿಯ ಜ್ವರ ಅವನನ್ನು ತಿರುಗಿ ಬರಗೊಡಲಿಲ್ಲ. ಆದರೆ ಅಂದು ನಮಗದು ಗೊತ್ತಿರಲಿಲ್ಲ. ಲಿಂಗಸುಗೂರಿನ ಬಸ್ಸಿಗೆ ಹೊತ್ತಾಯಿತೆಂದು ಅವನು ಚಡಪಡಿಸುತ್ತ ತಾಟಿನ ಮುಂದೆ ಕೂತಿದ್ದ, ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ಅತ್ತೆ ದೇವರಕೋಣೆಯ ಬಾಗಿಲಿಗೆ ಬಂದರು.

"ಆ ಹೆಣ್ಮಗಳಿಗಿ ಮಕ್ಕಳೆಷ್ಟು ಮಂದಿ?"

"ಯಾರೂ ಇಲ್ಲ ಬೇ. ಗಂಡ, ಮಗ ಇಬ್ಬರೂ ಯುದ್ಧದಾಗ ಹೋದ್ರು."

"ಮತ್ತ ಈಗ ಆಕಿ ಯಾರ ಜೋಡಿ ಉಣ್ತಾಳ?"

ಅತ್ತೆ ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಗಂಡಸರು ಉಂಡು ಏಳುವ ತನಕ ಬಾಯಿಗೆ ಹನಿ ನೀರು ಹಾಕದಿದ್ದವರು, ಮಗನ ತಾಟಿನ ಎದುರು ತಮ್ಮ ತಾಟು ಇಟ್ಟುಕೊಂಡು ಕೂತರು. ಅವನಿಗೆ ನೀಡಿದರು, ತಾವೂ ನೀಡಿಕೊಂಡರು.

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಅವನು ಏಳಲಿಲ್ಲ.