ಅವ್ವನ ಖಾತೆಯಲ್ಲಿ ಹೆಚ್ಚಿಗೆ ಬಂದ ಶಿಲ್ಕು

ಅಪ್ಪ ತೀರಿಕೊಂಡ ಮೇಲೆ ಇಳಕಲ್ಲಿನ ಪೇಟೆಯಲ್ಲಿದ್ದ ಸೀರೆ ಅಂಗಡಿಯನ್ನು ಅವ್ವನೇ ನಡೆಸಿದಳು. ನಾನು ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ ಹುನಗುಂದದ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮುಂಜಾನೆ ಬಸ್ಸು, ಸಂಜೆ ಬಸ್ಸು, ರವಿವಾರ ಬಂತೆಂದರೆ ಅಂಗಡಿಯ ಲೆಕ್ಕ. ಅವ್ವ ಬಾಯಲ್ಲಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಖರ್ಚು ಹೋಗಿ ಉಳಿದದ್ದನ್ನು ಪೇಟೆಯಲ್ಲೇ ಇದ್ದ ಪತ್ತಿನ ಸಂಘದಲ್ಲಿ ಇಡುತ್ತಿದ್ದೆವು. ನೇಕಾರರು, ಸಣ್ಣ ಅಂಗಡಿಯವರು, ಕಲ್ಲಿನ ಕ್ವಾರಿಗೆ ಹೋಗುವವರು, ಎಲ್ಲರ ದುಡ್ಡೂ ಅಲ್ಲೇ ಇರುತ್ತಿತ್ತು.

ಪಾಸ್‌ಬುಕ್ಕಿನಲ್ಲಿ ಬರೆದುಕೊಡುವುದು ಸಂಘದ ಕಾರ್ಯದರ್ಶಿಯ ಕೆಲಸ. ಬೇರೆ ಯಾರ ಕೈಗೂ ಅವರು ಅದನ್ನು ಬಿಡುತ್ತಿರಲಿಲ್ಲ. ಒಮ್ಮೆ ಅವರು ವಿಜಾಪುರಕ್ಕೆ ಹೋಗಿದ್ದಾಗ ಹೊಸದಾಗಿ ಸೇರಿದ್ದ ಗುಮಾಸ್ತ ನಮ್ಮ ಪಾಸ್‌ಬುಕ್ಕು ಬರೆದುಕೊಟ್ಟ. ಮನೆಗೆ ತಂದು ನೋಡಿದರೆ ಶಿಲ್ಕು ಐದು ಸಾವಿರದ ಅರವತ್ತು. ನನ್ನ ಲೆಕ್ಕದಲ್ಲಿ ಇದ್ದದ್ದು ಮೂರು ಸಾವಿರದ ಇನ್ನೂರಾ ಅರವತ್ತು.

"ಹೆಚ್ಚಿಗಿ ಬಂದೈತಿ ಅಂದ್ರ ಚಿಂತಿ ಯಾಕ?" ಎಂದು ನಕ್ಕಳು ಅವ್ವ. ಆದರೆ ನಗು ಅಲ್ಲಿಗೇ ನಿಂತಿತು. "ನಮ್ಮದಲ್ಲದ್ದು ನಮ್ಮ ಹೆಸರಿಗೆ ಹೆಂಗ ಬಂತು, ನೋಡು."

ತಪ್ಪು ನನ್ನದೇ ಇರಬೇಕೆಂದುಕೊಂಡೆ. ವ್ಯತ್ಯಾಸ ಹದಿನೆಂಟು ನೂರು. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ ಬಂದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುತ್ತವೆ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಅಂಥದನ್ನು ಹುಡುಕಿದೆ, ಸಿಗಲಿಲ್ಲ. ಜಮೆಯನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸದ ಅರ್ಧ, ಅಂದರೆ ಒಂಬೈನೂರು, ಎಲ್ಲಾದರೂ ಕಾಣಬೇಕು. ಅದೂ ಇರಲಿಲ್ಲ. ಹಿಂದಿನ ವರ್ಷದಿಂದ ತಂದ ಶಿಲ್ಕು ಸರಿಯಾಗಿತ್ತು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲಿಗೆ ಟಿಕ್ಕು ಹಾಕುತ್ತ ಬಂದೆ. ಪಾಸ್‌ಬುಕ್ಕಿನಲ್ಲಿ ಎರಡು ಸಾಲು ಹೆಚ್ಚಿಗೆ ಉಳಿದವು. ನಾಲ್ಕು ಸಾವಿರ ಜಮೆ, ಅದಾದ ಮೇಲೆ ಇಪ್ಪತ್ತೆರಡು ನೂರು ಖರ್ಚು. ಖರ್ಚು ಬಿದ್ದ ತಾರೀಖಿನಂದು ಅಂಗಡಿಗೆ ಕೀಲಿ ಹಾಕಿ ನಾನೂ ಅವ್ವನೂ ಮಹಾಕೂಟದಲ್ಲಿದ್ದೆವು. ಹೊಂಡದ ನೀರಿಗೆ ಇಳಿದ ಅವ್ವನಿಗೆ ಕಾಲು ಜಾರಿತ್ತು. ಹಾಗಾಗಿ ಆ ದಿನ ಚೆನ್ನಾಗಿ ನೆನಪಿತ್ತು.

ಕಾರ್ಯದರ್ಶಿ ವಿಜಾಪುರದಿಂದ ಬಂದ ಮೇಲೆ ಪಾಸ್‌ಬುಕ್ಕು ಹಿಡಿದುಕೊಂಡು ಹೋದೆ. ಅವರು ಒಮ್ಮೆ ನೋಡಿದರು, ಮುಖದಲ್ಲಿ ಏನೂ ಕಾಣಲಿಲ್ಲ. ಕೆಂಪು ಶಾಯಿಯ ಪೆನ್ನು ತೆಗೆದು ಆ ಎರಡೂ ಸಾಲಿನ ಮೇಲೆ ಗೆರೆ ಎಳೆದರು.

"ಹೊಸ ಹುಡುಗರಿ ಅಕ್ಕೋರ. ಬ್ಯಾರೆಯವರ ಲೆಕ್ಕ ನಿಮ್ಮದ್ರಾಗ ಬರದಾನ. ಈಗ ಸರಿ ಆತಲ್ಲರೀ?"

ಸರಿಯಾಗಿತ್ತು. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಗಿತ್ತು. ಆದರೂ ಮನೆಗೆ ಬರುವಾಗ ಒಂದು ಅನುಮಾನ ಕೊರೆಯುತ್ತಿತ್ತು. ಬೇರೆಯವರ ಲೆಕ್ಕವೇ ಆಗಿದ್ದರೆ ಯಾರದು ಎಂದು ಅವರು ತೆಗೆದು ನೋಡಬೇಕಿತ್ತಲ್ಲ? ನೋಡಲೇ ಇಲ್ಲ.

ಮರುವಾರ ಒಂದು ಮಧ್ಯಾಹ್ನ ಶಾಲೆಗೆ ಸೂಟಿ ಇತ್ತು. ಕಾರ್ಯದರ್ಶಿ ಊಟಕ್ಕೆ ಹೋಗುವ ಹೊತ್ತಿಗೆ ಸಂಘಕ್ಕೆ ಹೋದೆ. ಗುಮಾಸ್ತನೇ ದನಿ ತಗ್ಗಿಸಿ ಹೇಳಿದ. "ನಾ ತಪ್ಪು ಬರದಿಲ್ರಿ ಅಕ್ಕೋರ. ಖಾತೆ ಪುಸ್ತಕದಾಗ ಇದ್ದದ್ದನ್ನ ಬರದೇನಿ. ಬರ್ರಿ, ಲಗೂನ ನೋಡ್ರಿ."

ಹಣ ತೆಗೆದ ಚೀಟಿಗಳ ಕಟ್ಟು ಬಿಚ್ಚಿದ. ಅವ್ವನ ಹೆಸರಿನ ಚೀಟಿ ಸಿಕ್ಕಿತು. ಅದರ ಕೆಳಗೆ ನೇರಳೆ ಶಾಯಿಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

ನನ್ನವ್ವನಿಗೆ ಸಹಿ ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಅಪ್ಪನ ಹತ್ತಿರ ಕಲಿತದ್ದು. ಒಂದೊಂದು ಅಕ್ಷರವನ್ನೂ ರಂಗೋಲಿ ಎಳೆದ ಹಾಗೆ ನಿಧಾನವಾಗಿ ಬರೆಯುತ್ತಿದ್ದಳು. ಎಷ್ಟೇ ಗಡಿಬಿಡಿ ಇದ್ದರೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಆ ಗುರುತು ಯಾರದೋ ಹೆಂಗಸಿನದಿರಬೇಕು, ಚಿಕ್ಕದು, ನಡುವೆ ಗಾಯದ ಕಲೆ. ಕಟ್ಟು ತಿರುವುತ್ತ ಹೋದರೆ ಬೇರೆ ಬೇರೆ ಹೆಸರಿನ ಚೀಟಿಗಳ ಮೇಲೂ ಅದೇ ಹೆಬ್ಬೆಟ್ಟು, ಅದೇ ಕಲೆ.

"ಆ ನಾಲ್ಕು ಸಾವಿರ ಎಲ್ಲಿಂದ ಬಂತು?" ಎಂದೆ.

"ಅದು ಸಾಲ ರೀ. ನಿಮ್ಮ ಅವ್ವಾರ ಹೆಸರಿಲೆ ಮಂಜೂರಾಗೇತಿ. ಪಾಸ್‌ಬುಕ್ಕಿನಾಗ ಗೆರಿ ಎಳದ್ರೂ ಸಾಲ ಸಾಲನಽ ಅಲ್ಲರೀ."

ನಾನು ಮನೆ ಮುಟ್ಟಿ ಅವ್ವನಿಗೆ ಎಲ್ಲ ಹೇಳಿದ ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಯೇ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ. ಅವ್ವ ಚಹಾ ಕೊಟ್ಟಳು. ಅವರು ಸಾವಕಾಶ ಕುಡಿದರು. ಮಳೆ, ರೇಷ್ಮೆ ದರ ಎಂದು ಏನೇನೋ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ದಿನಾ ಹುನಗುಂದದಿಂದ ಸಂಜಿ ಬಸ್ಸಿಗೆ ಬರ್ತೀರಿ. ಒಬ್ಬರಽ ಇಳೀತೀರಿ. ಸ್ಟ್ಯಾಂಡಿನಾಗ ನಾ ನೋಡ್ತಿರ್ತೇನಿ. ಜ್ವಾಕಿ ಇರಬೇಕು ಅಕ್ಕೋರ, ಕಾಲ ಚಲೋ ಇಲ್ಲ."

ಅವರು ಹೋದ ಮೇಲೂ ಪೇಢೆಯ ಪೊಟ್ಟಣ ಕಟ್ಟೆಯ ಮೇಲೇ ಇತ್ತು. ಅವ್ವ ಅದನ್ನು ಮುಟ್ಟಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ ಬಂದು ಕೇಳಿದಳು. "ಆ ಹೆಬ್ಬಟ್ಟಿನ ನಡು ಗಾಯದ ಕಲಿ ಐತಿ ಅಂದ್ಯಲ್ಲ, ಎಂಥಾ ಕಲಿ?"

ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಅವ್ವನಿಗೆ ಗುರುತು ಹತ್ತಿತು. "ಸಂಘದಾಗ ಕಸಾ ಹೊಡಿಯೋ ಮುದುಕಿದು. ಕುಡಗೋಲು ಬಡದಾಗ ನಾನಽ ಅರಿಷಿಣ ಹಚ್ಚಿ ಕಟ್ಟೇನಿ."

ಮರುದಿನ ಮುದುಕಿಯನ್ನು ಅಂಗಡಿಗೆ ಕರೆಸಿ ಕೇಳಿದಳು. ಅವಳಿಗೆ ಹೇಳಲು ಅಂಜಿಕೆಯೇ ಇರಲಿಲ್ಲ. "ಪಗಾರ ಕೊಡುಮುಂದ ಒತ್ತು ಅಂತಾರ, ಒತ್ತೇನಿ ಯವ್ವಾ. ಒಮ್ಮೊಮ್ಮೆ ಭಾಳ ಒತ್ತಸ್ತಾರ. ದೊಡ್ಡ ಆಫೀಸಿನಾಗ ಹಂಗಽ ಇರ್ತದಂತ."

ಅವ್ವ ನಮ್ಮ ಮೂರು ಸಾವಿರದ ಇನ್ನೂರಾ ಅರವತ್ತನ್ನು ತೆಗೆದುಕೊಂಡು ಸುಮ್ಮನಿರಬಹುದಿತ್ತು. ಕಾರ್ಯದರ್ಶಿಯೂ ಅಷ್ಟನ್ನೇ ಬಯಸಿದ್ದರು. "ಇವತ್ತಽ ಒಯ್ಯಿರಿ, ಯಾರಿಗೂ ಹೇಳಬ್ಯಾಡ್ರಿ" ಎಂದು ಹೇಳಿ ಕಳಿಸಿದ್ದರು. ಅವ್ವ ಹೋಗಲಿಲ್ಲ. ಸೀರೆ ತರುವ ನೆಪದಲ್ಲಿ ಮಗ್ಗವಿದ್ದ ಮನೆಗಳಿಗೆ ಹೋದಳು. ಕಾರ್ಯದರ್ಶಿ ಇಲ್ಲದ ಹೊತ್ತಿನಲ್ಲಿ ಗುಮಾಸ್ತನ ಕೈಲಿ ಪಾಸ್‌ಬುಕ್ಕು ಬರೆಸಿ ತಂದು ನನ್ನ ಮಗಳಿಗೆ ತೋರಿಸಿರಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ಎಷ್ಟೋ ಪಾಸ್‌ಬುಕ್ಕುಗಳಲ್ಲಿ ಅವರು ತೆಗೆಯದ ಸಾಲ ಕಾಣಿಸಿತು. ಆ ದಿನಗಳಲ್ಲಿ ಸಂಜೆ ಬಸ್ಸು ಇಳಿದಾಗ ನಾನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅವ್ವ ಅಂಗಡಿಗೆ ಅರ್ಧ ಬಾಗಿಲು ಹಾಕಿ ಸ್ಟ್ಯಾಂಡಿಗೇ ಬಂದು ನಿಂತಿರುತ್ತಿದ್ದಳು.

ಜನ ಸಂಘದ ಮುಂದೆ ಗುಂಪುಗೂಡಿದ ದಿನ ಕಾರ್ಯದರ್ಶಿ ಊರಲ್ಲಿರಲಿಲ್ಲ. ಬಾಗಿಲಿಗೆ ಕೀಲಿ ಬಿದ್ದಿತ್ತು. ನಮ್ಮ ಹಣವೂ ಒಳಗೇ ಉಳಿಯಿತು. ಪೊಲೀಸರು ಬಂದರು, ಚೀಟಿಗಳ ಕಟ್ಟು ಒಯ್ದರು. ಮೊದಲು ಹಿಡಿದದ್ದು ಮುದುಕಿಯನ್ನು. ಗುರುತು ಅವಳದೇ ಅಲ್ಲವೇ!

ಸುದ್ದಿ ಕೇಳಿದ ಅವ್ವ ನನ್ನನ್ನು ಕರೆದುಕೊಂಡು ಠಾಣೆಗೆ ಹೋದಳು. ಮುದುಕಿ ಗೋಡೆಗೆ ಆತು ಕೂತಿದ್ದಳು. ಬಲಗೈ ಹೆಬ್ಬೆರಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಒತ್ತಿದಾಕಿ ಇಕಿ ಖರೆ" ಎಂದಳು ಅವ್ವ ಸಾಹೇಬರಿಗೆ. "ಸಾಲಾ ಎತ್ತಿದ್ದು ನನ್ನ ಹೆಸರಿಲೆ. ನಾ ಇಕಿ ಮ್ಯಾಲೆ ಫಿರ್ಯಾದಿ ಕೊಡೂದಿಲ್ಲ. ಒತ್ತಿಸಿದಾತನ ಮ್ಯಾಲೆ ಬರ್ಕೋರಿ, ಸಹಿ ಮಾಡ್ತೇನಿ."

ಬರೆದುಕೊಂಡರು. ಅವ್ವ ಎಂದಿನ ಹಾಗೆ ನಿಧಾನವಾಗಿ ಸಹಿ ಮಾಡಿದಳು. ಗುಮಾಸ್ತನೂ ಹೇಳಿಕೆ ಕೊಟ್ಟ. ಆಮೇಲೆ ಮುದುಕಿಯನ್ನು ಬಿಟ್ಟರು.

ಕಾರ್ಯದರ್ಶಿ ಸಿಕ್ಕಿದರು, ಜಾಮೀನಿನ ಮೇಲೆ ಹೊರಗೂ ಬಂದರು. ಹುನಗುಂದದ ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆ ನಡೆಯಿತು. ತೀರ್ಪಿಗೆ ಮೊದಲೇ ಅವರು ತೀರಿಕೊಂಡರು. ಅವ್ವನ ಹೆಸರಿನ ಸಾಲ ರದ್ದಾಯಿತು. ನಮ್ಮ ಹಣದಲ್ಲಿ ಅರ್ಧಕ್ಕಿಂತ ಕಡಿಮೆ ವಾಪಸು ಬಂತು. ಕೆಲವು ನೇಕಾರರಿಗೆ ಅದೂ ಬರಲಿಲ್ಲ. ನೀವು ಬಾಯಿ ಬಿಡದಿದ್ದರೆ ಸಂಘ ನಡೆಯುತ್ತಿತ್ತು ಎಂದು ಅವರಲ್ಲಿ ಒಬ್ಬರು ನಮ್ಮ ಅಂಗಡಿಗೆ ಸೀರೆ ಕೊಡುವುದನ್ನೇ ನಿಲ್ಲಿಸಿದರು.

ಮುದುಕಿ ನಮ್ಮ ಅಂಗಡಿಗೆ ಕಸ ಹೊಡೆಯಲು ಬರತೊಡಗಿದಳು. ಪೇಟೆಯಲ್ಲಿ ಪೊಲೀಸ್ ಜೀಪು ಕಂಡರೆ ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಹೋಗಿ ಸೀರೆಯ ಗಂಟುಗಳ ಹಿಂದೆ ಕೂತುಬಿಡುತ್ತಿದ್ದಳು. ಅವ್ವ ಅವಳನ್ನು ಕರೆಯುತ್ತಿರಲಿಲ್ಲ. ಜೀಪು ದಾಟುವವರೆಗೆ ತಾನೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.