ಒಂದು ಮೊರದಗಲ ನೆಲ

ಆ ಕೋಣೆಯಲ್ಲಿ ನಾವು ಐದು ಜನ ಇದ್ದೆವು. ಮನೆಯ ಯಜಮಾನಿ ಚಿಕ್ಕತಾಯಮ್ಮ. ಅವಳ ಮಗಳು ಪುಟ್ಟಲಕ್ಷ್ಮಿ, ಏಳು ತಿಂಗಳ ಬಸುರಿ. ಪುಟ್ಟಲಕ್ಷ್ಮಿಯ ಅತ್ತೆ ಸಿದ್ದಮ್ಮ, ಪಿರಿಯಾಪಟ್ಟಣದ ಆಚೆಯ ಹಳ್ಳಿಯಿಂದ ಸೊಸೆಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂದಿದ್ದವಳು. ಪಕ್ಕದ ಮನೆಯ ದೊಡ್ಡಯ್ಯ, ಹಲ್ಲುದುರಿದ ಮುದುಕ. ಐದನೆಯವನು ನಾನು.

ಎಲ್ಲರೂ ಚಾಪೆಯ ಮೇಲೆ ಕೂತಿದ್ದೆವು. ನಾನು ಆ ದಿನಕ್ಕೆಂದೇ ಒಗೆದ ಪಂಚೆ ಉಟ್ಟು ಹೋಗಿದ್ದೆ. ಕೂತ ಸ್ವಲ್ಪ ಹೊತ್ತಿಗೆ ಕೆಳಗೆ ತಣ್ಣಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಒದ್ದೆಯಾಯಿತು. ಆದರೂ ಏಳಲಿಲ್ಲ. (ಎದ್ದರೆ ಪಂಚೆಯ ಹಿಂಭಾಗ ಸಿದ್ದಮ್ಮನಿಗೆ ಕಾಣುತ್ತಿತ್ತು. ಕಂಡರೆ ಎಲ್ಲ ಮುಗಿಯಿತು.)

ಮುಗಿಯುವುದಕ್ಕೆ ಅಲ್ಲಿ ಏನಿತ್ತು ಅಂತೀರಾ? ಹೇಳುತ್ತೇನೆ.

ಹುಣಸೂರಿನ ಸಂತೆಮಾಳದ ಅಂಚಿನಲ್ಲಿ ಒಂದು ದೊಡ್ಡ ಹುಣಸೆಮರ. ಆ ಮರದಡಿಯಲ್ಲಿ ಹನ್ನೆರಡು ಮೇದರ ಕುಟುಂಬಗಳು, ಅವರ ತಾತಂದಿರ ಕಾಲದಿಂದ. ಕೋಟೆ ತಾಲ್ಲೂಕಿನ ಕಾಡಿನಿಂದ ಬಿದಿರು ತಂದು, ಸೀಳಿ, ಬುಟ್ಟಿ, ಮೊರ, ಚಾಪೆ ಹೆಣೆಯುವವರು. ನಿಮ್ಮ ಅಡುಗೆಮನೆಯ ಗೋಡೆಗೆ ಒಂದು ಮೊರ ತಗುಲಿಹಾಕಿದೆಯಲ್ಲ, ಅದು ಅವರ ಕೈಯಿಂದಲೇ ಬಂದಿರಬೇಕು. ಮಳೆ ಬಂದರೆ ತಲೆಯ ಮೇಲೊಂದು ತಟ್ಟಿ, ಗಾಳಿ ಬೀಸಿದರೆ ಬೆನ್ನಿಗೊಂದು ತಟ್ಟಿ. ಮನೆ ಅಂದರೆ ಅಷ್ಟೇ.

ಪುಟ್ಟಲಕ್ಷ್ಮಿಯ ಮದುವೆ ನಡೆದದ್ದೂ ಆ ಮರದ ಕೆಳಗೆ. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಸಿದ್ದಮ್ಮ ಒಂದು ಮಾತು ಆಡಿದಳಂತೆ. "ಸೊಸೆ ಚೆನ್ನಾಗವ್ಳೆ ಬುಡಿ. ತವರು ಅಂತ ಒರಗಿಕೊಳ್ಳಾಕೆ ಒಂದ್ ಗ್ವಾಡೆ ಇಲ್ಲ, ಅಷ್ಟೇಯ."

ಜನ ನಕ್ಕರಂತೆ. ಚಿಕ್ಕತಾಯಮ್ಮನೂ ನಕ್ಕಳಂತೆ. ಬೀಗಿತಿಯ ಮಾತಿಗೆ ನಗದೆ ಇನ್ನೇನು ಮಾಡುವುದು? ಆದರೆ ಅವತ್ತಿನಿಂದ ಅವಳಿಗೆ ಒಂದೇ ಹಂಬಲ. ಮಗಳ ಚೊಚ್ಚಲ ಬಾಣಂತನ ತನ್ನ ಮನೆಯಲ್ಲಿ ಆಗಬೇಕು. ಗೋಡೆ ಇರುವ ಮನೆಯಲ್ಲಿ.

ದೇವರು ಕಣ್ಣುಬಿಟ್ಟನೋ ಸರ್ಕಾರ ಕಣ್ಣುಬಿಟ್ಟಿತೋ, ಸಂತೆಮಾಳ ಅಗಲ ಮಾಡಬೇಕು, ಮರದಡಿಯವರಿಗೆ ಮನೆ ಕಟ್ಟಿಸಿಕೊಡಬೇಕು ಎಂದು ಮೇಲಿನಿಂದ ಆರ್ಡರ್ ಬಂತು. ಬಿಳಿಕೆರೆಗೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ತಗ್ಗಿನಲ್ಲಿ, ಹನ್ನೆರಡು ಮನೆಗಳು ಎದ್ದವು. ಇಟ್ಟಿಗೆ ಗೋಡೆ, ತಗಡಿನ ಶೀಟು, ಮೇಲೆ ಬೆಳ್ಳನೆ ಸುಣ್ಣ. ಹೆಸರು ಕಾಲೋನಿ.

ರಿಬ್ಬನ್ ಕತ್ತರಿಸಿದ ದಿನ ನಾನೂ ಹೋಗಿದ್ದೆ. ಶಾಮಿಯಾನದ ಕೆಳಗೆ ಕೂತೆ, ಬೋಂಡ ತಿಂದೆ, ಕಾಫಿ ಕುಡಿದೆ. ಮನೆಗೆ ಬಂದು ಇದೇ ಅಂಕಣದಲ್ಲಿ ಬರೆದೆ: "ಸಾಲಾಗಿ ಕೂತ ಬೆಳ್ಳಕ್ಕಿಗಳ ಹಾಗೆ ಹನ್ನೆರಡು ಮನೆಗಳು." ನಿಮ್ಮಲ್ಲಿ ಕೆಲವರು ಮೆಚ್ಚಿ ಕಾರ್ಡು ಬರೆದಿರಿ. (ಒಂದು ಮನೆಯ ಒಳಗೂ ನಾನು ಕಾಲಿಟ್ಟಿರಲಿಲ್ಲ. ಅದನ್ನು ಮಾತ್ರ ಬರೆದಿರಲಿಲ್ಲ.)

ನಮ್ಮಜ್ಜಿ ಹೇಳುತ್ತಿದ್ದಳು, ಮನೆ ನೋಡುವವನು ಮೊದಲು ನೆಲ ನೋಡಬೇಕು, ಆಮೇಲೆ ಗೋಡೆ, ಕಡೆಗೆ ಮಾಡು ಅಂತ. ನಾನು ಸುಣ್ಣ ನೋಡಿ ಬಂದಿದ್ದೆ.

ಆ ತಗ್ಗು ಹಿಂದೆ ಕಟ್ಟೆಯಾಗಿತ್ತು. ಹೂಳು ತುಂಬಿ, ಬೇಸಿಗೆಯಲ್ಲಿ ಒಣಗಿ, ನೋಡುವವರಿಗೆ ಬಯಲಿನಂತೆ ಕಾಣುತ್ತಿತ್ತು. ಪಾಯ ತೋಡುವಾಗಲೇ ದೊಡ್ಡಯ್ಯ ಓವರ್‌ಸಿಯರ್ ಸಾಹೇಬರಿಗೆ ಹೇಳಿದ್ದನಂತೆ. "ಸ್ವಾಮಿ, ಇದು ಎಮ್ಮೆ ಮೀಯ್ತಿದ್ದ ಕಟ್ಟೆ. ನೀರು ತನ್ ಜಾಗ ಮರೆಯಾಕಿಲ್ಲ."

"ನಿನಗೆ ಮನೆ ಬೇಕೋ ಬೇಡವೋ?" ಅಂದರಂತೆ ಸಾಹೇಬರು.

ಮೂರು ತಲೆಮಾರು ಮರದಡಿಯಲ್ಲಿ ಮಲಗಿದವನಿಗೆ ಬೇಡ ಅನ್ನಲು ಬಾಯಿ ಬರುತ್ತದೆಯೇ?

ಬೇಸಿಗೆಯಲ್ಲಿ ಶೀಟು ಕಾದು, ಒಳಗಿದ್ದವರು ರೊಟ್ಟಿಯಂತೆ ಬೆಂದರು. ಅದನ್ನು ತಡೆದುಕೊಂಡರು. ಜಗಲಿ ಇಲ್ಲ, ಕೂತು ಹೆಣೆಯಲು ಜಾಗವಿಲ್ಲ. ಅದನ್ನೂ ತಡೆದುಕೊಂಡರು. ಉದ್ದದ ಬಿದಿರು ಬಾಗಿಲಲ್ಲಿ ಒಳಗೆ ಬಂದರೆ ತಿರುಗುವುದಿಲ್ಲ, ಅರ್ಧ ಬಿದಿರು ಹೊರಗೇ ನೆನೆಯಬೇಕು. ನಕ್ಕು ಸುಮ್ಮನಾದರು. ಬಚ್ಚಲಿಲ್ಲ, ಒಲೆಯ ಹೊಗೆ ಹೋಗಲು ಒಂದು ಗವಾಕ್ಷಿ ಇಲ್ಲ. "ಮನೆ ಅಂದ್ಮೇಲೆ ಇದ್ದದ್ದೇ" ಅಂದರು. ಅವರಿಗೇನು ಗೊತ್ತು, ಮೊದಲು ಯಾವ ಮನೆಯಲ್ಲಿದ್ದರು?

ಆರಿದ್ರ ಮಳೆ ಹಿಡಿಯಿತು ನೋಡಿ, ಆಗ ನೀರು ಮೇಲಿನಿಂದ ಬರಲಿಲ್ಲ. ಕೆಳಗಿನಿಂದ ಬಂತು.

ಆ ಮಳೆಯ ನಡುವೆಯೇ ಚಿಕ್ಕತಾಯಮ್ಮ ನಮ್ಮ ಮನೆಗೆ ಬಂದಳು. ಅವಳ ತಲೆಯ ಮೇಲೆ ಮಳೆಗೆ ಮರೆಯಾಗಿ ಬಿದಿರಿನದೊಂದು ಗೊರಗ, ಕಂಕುಳಲ್ಲಿ ಒಂದು ಹೊಸ ಮೊರ.

"ನಾಳಿಕೆ ಬೀಗ್ತಿ ಬತ್ತಾವ್ರೆ ಮೇಷ್ಟ್ರೇ. ಮನೆ ನೋಡಿ ಒಪ್ಪುದ್ರೆ ಮಗಳ್ನ ಇಲ್ಲೇ ಬುಟ್ಟು ಓಯ್ತಾರೆ. ನೀವೊಂದ್ ಗಳಿಗೆ ಬಂದು ಕೂತ್ಕಳಿ. ನೀವು ಕೂತ್ರೆ ಮನೆಗೊಂದು ಕಳೆ."

"ಬರ್ತೀನಮ್ಮ. ಈ ಮೊರ ಯಾಕೆ?"

"ಇದು ಮಾರಾಕಲ್ಲ. ಕೂಸು ಹುಟ್ಟುದ್ರೆ ಮಲಗ್ಸಾಕೆ. ನಮ್ಮನೇಲಿಟ್ರೆ ಬೂಸ್ಟು ಹಿಡೀತದೆ. ನಿಮ್ಮನೆ ಒಲೆ ಮ್ಯಾಗಡೆ ಇರ್ಲಿ, ಬ್ಯಾಡ ಅನ್ಬ್ಯಾಡಿ ಅವ್ವಾರೇ."

ಕಡೆಯ ಮಾತು ನನ್ನ ಹೆಂಡತಿಗೆ. ಹುಟ್ಟಿದ ಮಗುವನ್ನು ಮೊದಲು ಮೊರದಲ್ಲಿ ಮಲಗಿಸುವುದು ನಮ್ಮೆಲ್ಲರ ಮನೆಯಲ್ಲೂ ಉಂಟು. ಊರಿಗೆಲ್ಲ ಮೊರ ಹೆಣೆದುಕೊಟ್ಟವಳು ತನ್ನ ಮೊಮ್ಮಗುವಿಗೆ ಹೆಣೆದದ್ದು ಹೇಗಿರಬೇಡ? ಎಳೆಗಳು ಕೂದಲಿನಷ್ಟು ನವುರು. ನನ್ನಾಕೆ ಅದನ್ನು ಒಲೆಯ ಮೇಲಿನ ಗೂಟಕ್ಕೆ ತಗುಲಿಹಾಕಿದಳು. ಹೊಗೆ ಕುಡಿದರೆ ಬಿದಿರು ಗಟ್ಟಿ.

ಮಾರನೆಯ ದಿನ ಹೋದೆ. ಮನೆಯನ್ನು ಏನು ಓರಣ ಮಾಡಿದ್ದಳು ಅಂತೀರಿ. ಹರಳೆಣ್ಣೆ, ಬೆಳ್ಳುಳ್ಳಿ, ಬೆಲ್ಲ, ಒಣಕೊಬ್ಬರಿ, ಸಾಂಬ್ರಾಣಿ, ಮಗುವಿಗೆ ಸುತ್ತಲು ಮೆತ್ತಗಿನ ಹಳೆ ಸೀರೆಯ ತುಂಡುಗಳು, ಎಲ್ಲ ಗಂಟುಕಟ್ಟಿ ಮೇಲಿನ ತೊಲೆಗೆ ನೇತುಹಾಕಿದ್ದಳು. ಗೋಡೆಗೆ ನನ್ನ ಅಂಕಣವನ್ನು ಕತ್ತರಿಸಿ ರಾಗಿ ಗಂಜಿಯಲ್ಲಿ ಅಂಟಿಸಿದ್ದಳು.

ಇನ್ನು ನೆಲ. ಒದ್ದೆ ನೆಲಕ್ಕೆ ನೀವಾಗಲಿ ನಾನಾಗಲಿ ಮಣ್ಣು ಹಾಕುತ್ತಿದ್ದೆವು, ಬೂದಿ ಹಾಕುತ್ತಿದ್ದೆವು. ಚಾಪೆ ಹೆಣೆಯುವವರು ಚಾಪೆ ಹಾಕಿದರು. ಹಂಪಾಪುರದ ಸಂತೆಗೆಂದು ಹೆಣೆದಿಟ್ಟಿದ್ದ ಹೊಸ ಚಾಪೆಗಳನ್ನು ಹನ್ನೆರಡು ಮನೆಯವರೂ ತಂದು, ಒಂದರ ಮೇಲೊಂದರಂತೆ ಆ ಕೋಣೆಗೆ ಹಾಸಿದ್ದರು. ಚಿಕ್ಕತಾಯಮ್ಮನ ಮಾನ ಕಾಲೋನಿಯ ಮಾನವಾಗಿತ್ತು.

ಸಿದ್ದಮ್ಮ ಬಂದಳು. ಬಾಯಲ್ಲಿ ಎಲೆಅಡಿಕೆ. ಮೊದಲು ಬಾಗಿಲನ್ನು ತೆರೆದು ಮುಚ್ಚಿ ನೋಡಿದಳು. ಮತ್ತೆ ತೆರೆದು ಮುಚ್ಚಿದಳು. ಚಿಲಕ ಹಾಕಿ ತೆಗೆದಳು.

"ಬಾಗ್ಲು ಚೆನ್ನಾಗದೆ ಕಣವ್ವ" ಅಂದಳು.

ಆಮೇಲೆ ಕೂತು ಗೋಡೆಗೆ ಒರಗಿದಳು. ಪೂರ್ತಿ ಬೆನ್ನು ಕೊಟ್ಟು ಒರಗಿದಳು. ಆಗ ಚಿಕ್ಕತಾಯಮ್ಮನ ಮುಖ ನೋಡಬೇಕಿತ್ತು ನೀವು. ಮದುವೆಯ ದಿನದ ಮಾತಿಗೆ ಇಷ್ಟು ದಿನಕ್ಕೆ ಉತ್ತರ ಸಿಕ್ಕಿತ್ತು.

"ಮೇಷ್ಟ್ರು ನಮ್ಮನೆ ಇಸ್ಯ ಪೇಪರ್‌ನಾಗೆ ಬರ್ದವ್ರೆ" ಅಂದಳು ಅವಳು. "ಓದಿ ಮೇಷ್ಟ್ರೇ, ಬೀಗ್ತಿ ಕೇಳ್ಲಿ."

ಓದದೆ ಗತಿಯಿಲ್ಲ. ಕೂತಲ್ಲಿಂದಲೇ ಕತ್ತು ಚಾಚಿ ಓದಿದೆ. ಗೋಡೆಯ ತೇವಕ್ಕೆ ಅರ್ಧ ಅಕ್ಷರಗಳು ಕಲಸಿಹೋಗಿದ್ದವು. ಉಳಿದರ್ಧ ನನಗೆ ಬಾಯಿಪಾಠ. ನನ್ನ ಬೆಳ್ಳಕ್ಕಿಗಳನ್ನು ನಾನೇ ಹೊಗಳುತ್ತಿದ್ದೇನೆ, ಕೆಳಗೆ ಪಂಚೆ ನೆನೆಯುತ್ತಿದೆ. ಇಂಥ ಶಿಕ್ಷೆ ಯಾವ ಕೋರ್ಟಿನಲ್ಲಿ ಕೊಡುತ್ತಾರೆ ಹೇಳಿ?

ಸಿದ್ದಮ್ಮ ಪೂರ್ತಿ ಕೇಳಿದಳು. ಎಲೆಅಡಿಕೆ ಉಗಿದು ಬಂದು ಅಂದಳು, "ಬೆಳ್ಳಕ್ಕಿ ಕೂರಾದು ನೀರಿರಾ ಕಡೆಯೇ ಅಲ್ವರಾ ಮೇಷ್ಟ್ರೇ?"

ದೊಡ್ಡಯ್ಯ ಕೆಮ್ಮಿದ.

ಅವಳು ಮತ್ತೆ ಕೂರಲಿಲ್ಲ. ನಿಂತಲ್ಲೇ ಮೂಗು ಅರಳಿಸಿದಳು. ನಾವು ಒಂದು ವಿಷಯ ಮರೆತಿದ್ದೆವು. ಸಿದ್ದಮ್ಮನೂ ಹುಟ್ಟಿದಾಗಿನಿಂದ ಬಿದಿರು ಸೀಳಿದವಳು. ಹಸಿ ಬಿದಿರಿನ ವಾಸನೆ ಬೇರೆ, ಒಣಗಿ ಮತ್ತೆ ನೆಂದ ಬಿದಿರಿನ ವಾಸನೆ ಬೇರೆ. ನನಗೂ ನಿಮಗೂ ತಿಳಿಯದು. ಅವಳಿಗೆ ತಿಳಿಯದೇ?

ಬಗ್ಗಿ ಮೇಲಿನ ಚಾಪೆಯ ಮೂಲೆ ಎತ್ತಿದಳು. ಅದರ ಕೆಳಗಿನದನ್ನು ಎತ್ತಿದಳು. ಅದರ ಕೆಳಗಿನದನ್ನೂ ಎತ್ತಿದಳು. ಕಡೆಯ ಚಾಪೆ ಕಪ್ಪಗಾಗಿತ್ತು. ಅದನ್ನು ಎತ್ತಿದಾಗ ನೆಲ ಪಿಚಕ್ಕೆಂದಿತು.

"ಎಷ್ಟು ಚಾಪೆ ಹಾಳು ಮಾಡ್ಕಂಡ್ರವ್ವಾ" ಅಂದಳು ಸಿದ್ದಮ್ಮ. ಅವಳಿಗೆ ಮೊದಲು ಕಂಡದ್ದು ಅದೇ. ಹೆಣೆಯುವವರ ಸಂಕಟ ಹೆಣೆಯುವವರಿಗೆ.

ಚಿಕ್ಕತಾಯಮ್ಮ ತಲೆ ತಗ್ಗಿಸಿದಳು. "ಮಳೆ ನಿಂತ್ರೆ ಒಣಗ್ತದೆ ಬೀಗ್ತಿ. ನಾನು ಕೆಂಡ ಹಾಕಿ ಒಣಗುಸ್ತೀನಿ. ಮಗಳ್ನ ಮಂಚ ಹಾಕಿ ಮಲಗುಸ್ತೀನಿ."

"ಮಂಚ ಎಲ್ಲದೆ?"

"ತರ್ತೀನಿ."

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಪುಟ್ಟಲಕ್ಷ್ಮಿ ಬಾಯಿ ಬಿಟ್ಟಳು. "ಅತ್ತೆ, ನಾನಿಲ್ಲೇ ಇರ್ತೀನಿ. ಅವ್ವುನ್ ತಾವ."

"ನೀನಿರ್ತೀಯ ಕಣವ್ವ. ಕೂಸು ಇರ್ತದಾ?" ಸಿದ್ದಮ್ಮನ ದನಿ ಜೋರಿರಲಿಲ್ಲ. ಜೋರಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. "ನೋಡು ಬೀಗ್ತಿ, ನಾನೂ ಮೊದಲ್ನೇದ ಮರದಡೀಲೇ ಹೆತ್ತೋಳು. ಮರದಡೀಲಿ ನೆಲ ಒಣಗಿತ್ತು. ಗ್ವಾಡೆ ಇಲ್ಲ ಅಂತ ಅವತ್ತು ನಿನ್ನ ಆಡ್ಕಂಡೆ, ತಪ್ಪಾಯ್ತು. ಈಗ ಗ್ವಾಡೆ ಬಂತು, ನೆಲ ಓಯ್ತು."

"ಹಂಗಾರೆ ವಾಪಸ್ ಆ ಮರದಡಿಗೇ ಓಯ್ತೀನಿ" ಅಂದಳು ಚಿಕ್ಕತಾಯಮ್ಮ. "ಅಲ್ಲೇ ಬಾಣಂತನ ಮಾಡ್ತೀನಿ."

ದೊಡ್ಡಯ್ಯ ಮೆಲ್ಲಗೆ ಹೇಳಿದ. "ಅಲ್ಲಿ ಬೇಲಿ ಹಾಕವ್ರೆ ತಾಯಿ."

ಮಧ್ಯಾಹ್ನದ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಹೊರಟರು. ಚಿಕ್ಕತಾಯಮ್ಮ ತೊಲೆಗೆ ಕಟ್ಟಿದ್ದ ಗಂಟನ್ನು ಇಳಿಸಿ ಸಿದ್ದಮ್ಮನ ಕೈಗೆ ಕೊಟ್ಟಳು. ಬಾಣಂತನದ ಸಾಮಾನನ್ನು ಬೀಗಿತಿಯ ಕೈಗೆ ಕೊಡುವುದೆಂದರೆ ಏನು ಎಂದು ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಸಿದ್ದಮ್ಮ ಬಸ್ಸಿನ ಕಿಟಕಿಯಿಂದ, "ನೀನೂ ಬಂದ್ಬುಡು ಬೀಗ್ತಿ, ನಮ್ಮನೇಲೇ ಮಾಡೀಯಂತೆ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ಬೀಗರ ಮನೆಯಲ್ಲಿ ಕೂತು ಮಗಳ ಬಾಣಂತನ ಮಾಡಿದರೆ ಅದು ತವರಾಗುತ್ತದೆಯೇ?

ಬಸ್ಸು ಹೋದ ಮೇಲೂ ಚಿಕ್ಕತಾಯಮ್ಮ ರಸ್ತೆಯಲ್ಲೇ ನಿಂತಿದ್ದಳು. "ಒಂದ್ ರಾತ್ರೆನಾದ್ರೂ ಮಲಗಿದ್ದು ಓಗಬೌದಿತ್ತು ಮೇಷ್ಟ್ರೇ" ಅಂದಳು. "ನಮ್ಮನೆ ಬಾಗ್ಲು ಹಾಕಂಡು ತಾಯಿ ಮಗಳು ಮಲಗಬೇಕು ಅಂತಿತ್ತು. ಯಾವತ್ತೂ ಬಾಗ್ಲು ಹಾಕಂಡು ಮಲಗ್ಲೇ ಇಲ್ಲ ನಾವು."

ನಾನು ಸುಮ್ಮನಿರಲಾಗದೆ ಅರ್ಜಿ ಬರೆದೆ. ಎಲ್ಲ ಮನೆಯವರ ಹೆಬ್ಬೆಟ್ಟು ಹಾಕಿಸಿ, ಮನೆ ಕಟ್ಟಿಸಿದ ಅದೇ ಓವರ್‌ಸಿಯರ್ ಸಾಹೇಬರ ಬಳಿಗೆ ನಾನೇ ತೆಗೆದುಕೊಂಡು ಹೋದೆ. ಸಾಹೇಬರು ಒಳ್ಳೆಯವರು, ಕುರ್ಚಿ ಕೊಟ್ಟರು. ಅರ್ಜಿ ಓದಿದರು. ಗುಮಾಸ್ತರಿಂದ ಒಂದು ಫೈಲು ತರಿಸಿದರು. ತೆರೆದು ನನ್ನ ಮುಂದಿಟ್ಟರು.

"ಬೆಳ್ಳಕ್ಕಿ ಅಂತ ಬರೆದವರು ತಾವೇ ಅಲ್ಲವೇ?"

ನನ್ನ ಅಂಕಣ. ಕತ್ತರಿಸಿ, ಅಂಟಿಸಿ, ಮೇಲೆ ನಂಬರು ಹಾಕಿ ಇಟ್ಟಿದ್ದರು. ಕಾಲೋನಿಯ ಮನೆಗಳು ಚೆನ್ನಾಗಿವೆ ಎನ್ನುವುದಕ್ಕೆ ಫೈಲಿನಲ್ಲಿದ್ದ ಸಾಕ್ಷಿ ನಾನು. (ಆ ಪ್ರತಿಯಲ್ಲಿ ಒಂದಕ್ಷರವೂ ಕಲಸಿರಲಿಲ್ಲ. ಕಚೇರಿಯ ನೆಲ ಒಣಗಿತ್ತು.)

ಅದಕ್ಕೇ ಈ ವಾರ ಇದನ್ನು ಬರೆಯುತ್ತಿದ್ದೇನೆ. ಇದನ್ನೂ ಕತ್ತರಿಸಿ ಆ ಫೈಲಿಗೆ ಅಂಟಿಸಲಿ. ಅದರ ಮೇಲೆಯೇ ಅಂಟಿಸಲಿ.

ನಾಡಿದ್ದು ಗೌರಿ ಹಬ್ಬ. ಗೌರಿಯೂ ತವರಿಗೆ ಬರುವ ದಿನ. ನಿಮ್ಮ ಮನೆಗೆ ಬಾಗಿನದ ಮೊರ ಬಂದಿದ್ದರೆ ಒಮ್ಮೆ ತಿರುಗಿಸಿ ನೋಡಿ. ಈ ಸಲ ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಕಂಡರೆ ಮೇದರನ್ನು ಬೈಯಬೇಡಿ.

ಹೋದ ಸೋಮವಾರ ಬೆಳಿಗ್ಗೆ, ಪುಟ್ಟಲಕ್ಷ್ಮಿಗೆ ನೋವು ಶುರುವಾಗಿದೆ ಎಂದು ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದರು. ಚಿಕ್ಕತಾಯಮ್ಮ ತನ್ನ ಮನೆಗೆ ಚಿಲಕ ಹಾಕಿ, ನೇರ ನಮ್ಮ ಮನೆಗೆ ಬಂದಳು. ನನ್ನಾಕೆ ಒಲೆಯ ಮೇಲಿನ ಗೂಟದಿಂದ ಮೊರ ಇಳಿಸಿ, ಸೆರಗಿನಲ್ಲಿ ಮಸಿ ಒರೆಸಿ ಕೊಟ್ಟಳು. ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಬಸ್ಸಿನಲ್ಲಿ ಚಿಕ್ಕತಾಯಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಮುಟ್ಟದಂತೆ ಎರಡೂ ತೋಳು ಬಳಸಿ ಕೂತಳು.

ಸಂಜೆ ಹೆಣ್ಣು ಮಗು ಹುಟ್ಟಿತು. ಅಜ್ಜಿ ತಂದ ಮೊರದಲ್ಲಿ ಮಲಗಿಸಿದರು.

ಆ ಮೊರದಗಲ ಒಣ ನೆಲ, ಆ ಹನ್ನೆರಡು ಮನೆಗಳಲ್ಲಿ ಎಲ್ಲಾದರೂ ಇದೆಯೇ?