ಕೊಂಬೆ ಮಾವನ ಹೆಲ್ಮೆಟ್ಟು

ಮರ ಹತ್ತಿ ಕೊಂಬೆ ಕಡಿಯುವುದರಲ್ಲೇ ಮೂವತ್ತು ವರ್ಷ ಸವೆಸಿರುವ ಕೊಂಬೆ ಮಾವನಿಗೆ ಸುರಕ್ಷತೆಯ ನಿಯಮಗಳೆಲ್ಲ ಬಾಯಿಪಾಠ. ಪಾಲಿಸುವುದು ಮಾತ್ರ ಉಳಿದವರ ಕೆಲಸ. ಕೆಳಗೆ ನಿಂತಾಗ "ಎರಡೂ ಕೈಯಲ್ಲಿ ಹಿಡ್ಕೊಳ್ರೋ, ಅದು ಗರಗಸದ ಮಿಷನ್ನು, ಬೀಸಣಿಗೆ ಅಲ್ಲ!" ಎಂದು ಗಂಟಲು ಹರಿದುಕೊಳ್ಳುವ ಮಹಾಶಯ, ತಾನು ಮೇಲೇರಿದ್ದೇ ತಡ, ಒಂದು ಕೈಯಲ್ಲಿ ಮಿಷನ್ನು ಗುರ್ರೆನ್ನಿಸುತ್ತ ಇನ್ನೊಂದರಲ್ಲಿ ಬೆನ್ನು ಕೆರೆದುಕೊಳ್ಳುತ್ತಿದ್ದ. ಜಾರಿದರೆ ತಡೆಯುವ ಎರಡನೇ ಹಗ್ಗ ಹೊಸಬರಿಗಂತೆ. ಹೆಲ್ಮೆಟ್ಟು ಹಾಕಿದರೆ ತಲೆಗೆ ಗಾಳಿಯಾಡುವುದಿಲ್ಲವಂತೆ. "ಮರಕ್ಕೆ ನನ್ನ ಗುರ್ತಿದೆ ಬಿಡ್ರಯ್ಯಾ" ಎಂಬುದೇ ಅವನ ವಿಮೆ. ಅವನು ಹೆದರುತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಅವಳು ಊಟದ ಡಬ್ಬಿ ತರುತ್ತಿದ್ದದ್ದು ಸರಿಯಾಗಿ ಒಂದು ಗಂಟೆಗೆ. ಒಂದಕ್ಕೆ ಐದು ನಿಮಿಷವಿರುವಾಗ ಇವನು ತಲೆಗೆ ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ಸೊಂಟಕ್ಕೆ ಎರಡೆರಡು ಹಗ್ಗ ಬಿಗಿದುಕೊಂಡು ಮದುಮಗನ ಹಾಗೆ ಸಿದ್ಧ. ಹೋದ ವರ್ಷ ಒಂಟಿ ಕೈಯ ಮಿಷನ್ನು ಹಿಂದಕ್ಕೆ ಚಿಮ್ಮಿ, ಕುತ್ತಿಗೆ ಬಿಟ್ಟು ಅಂಗಿಯ ಕಾಲರ್ ಸೀಳಿದ ದಿನ, "ಮೊಳೆಗೆ ಸಿಕ್ಕಿತ್ತು ಕಣೇ" ಎಂದ. ಅವಳು ಸೀಳನ್ನೊಮ್ಮೆ ಬೆರಳಲ್ಲಿ ಸವರಿ ನೋಡಿ ಹೊಲಿದುಕೊಟ್ಟಳು. ಮರುದಿನದಿಂದ ಡಬ್ಬಿಗೆ ಹೊತ್ತುಗೊತ್ತಿಲ್ಲ: ಒಮ್ಮೆ ಹತ್ತಕ್ಕೆ, ಒಮ್ಮೆ ಮೂರಕ್ಕೆ, ಒಮ್ಮೊಮ್ಮೆ ಚಮಚ ಮರೆತೆನೆಂದು ಎರಡನೇ ಸಲ. ಪಾಪ, ಮಾವ ಈಗ ಬೆಳಗಿನಿಂದ ಸಂಜೆಯವರೆಗೆ ಹೆಲ್ಮೆಟ್ಟು ಇಳಿಸುವಂತಿಲ್ಲ. "ವಯಸ್ಸಾಯ್ತು, ಇವಳಿಗೆ ಟೈಮೇ ಗೊತ್ತಾಗಲ್ಲ" ಎಂದು ಮರದ ಮೇಲಿಂದ ಬೀದಿಗೆಲ್ಲ ಕೇಳುವಂತೆ ಗೋಳಾಡುತ್ತಾನೆ. ಮೊನ್ನೆ ಕೆಲಸ ಕೊಟ್ಟ ಮನೆಯಾಕೆ ತಡೆಯಲಾರದೆ, "ಗಡಿಯಾರ ನೋಡ್ಕೊಂಡು ಬರಬಾರ್ದಾ ಅಕ್ಕಾ?" ಎಂದು ಕೇಳಿಯೇಬಿಟ್ಟಳು. ಮಾವನ ಹೆಂಡತಿ ಡಬ್ಬಿ ಕೆಳಗಿಟ್ಟು, ಮೇಲೊಮ್ಮೆ ಕಣ್ಣು ಹಾಯಿಸಿ, ಮೆಲ್ಲಗೆ ಹೇಳಿದಳು: "ನಾನು ಗಡಿಯಾರ ನೋಡಿದ್ರೆ ಅವ್ರೂ ನೋಡ್ತಾರಲ್ಲಮ್ಮಾ."